ಹಳೇ ಲಾಡ್ಜ್ ರಿವೈರಿಂಗ್: ಪಂಪ್ ಆನ್ ಆದಾಗಲೆಲ್ಲ ಫೈರ್ ಅಲಾರಂ ಫಾಲ್ಟ್, ಒಂದೇ ಪೈಪ್ ಕಾರಣವಾ?

ಕೋಡಿಬಾಗ ವೈರಿಂಗ್:
ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಒಂದು ಹಳೇ ಲಾಡ್ಜ್‌ನ ರಿವೈರಿಂಗ್ ಹಿಡಿದಿದ್ದೇನೆ. ಚಿರೆಕಲ್ಲಿನ ಗೋಡೆ, ಮೇಲೆ ಹೆಂಚು, ನಡುವೆ ಮರದ ಅಟ್ಟ. ಮೊದಲು ಕೆಲಸ ಮಾಡಿದವರು ಕಾರಿಡಾರಿನ 25 ಎಂಎಂ ಪಿವಿಸಿ ಪೈಪಿನಲ್ಲೇ 230 ವೋಲ್ಟಿನ ವೈರು, 24 ವೋಲ್ಟಿನ ಅಲಾರಂ ವೈರು ಎರಡನ್ನೂ ಎಳೆದಿದ್ದಾರೆ. ಕನ್ವೆನ್ಷನಲ್ ಪ್ಯಾನೆಲ್, ಅಂದರೆ ಯಾವ ಡಿಟೆಕ್ಟರ್ ಅಂತ ಹೇಳಲ್ಲ, ಯಾವ ಝೋನ್ (ಕಟ್ಟಡದ ಭಾಗ) ಅಂತ ಮಾತ್ರ ತೋರಿಸುತ್ತೆ. ನೀರಿನ ಪಂಪ್ ಆನ್ ಆದರೆ ಎರಡನೇ ಝೋನ್‌ನಲ್ಲಿ ಫಾಲ್ಟ್, ಕೆಲವೊಮ್ಮೆ ಸೈರನ್ನೇ ಕೂಗುತ್ತೆ. ಮಳೆ ಹಿಡಿದ ಮೇಲಂತೂ ಪಂಪ್ ಇಲ್ಲದೆಯೂ ಫಾಲ್ಟ್. ಮಾಲೀಕರು ಸೈರನ್ ವೈರ್ ಬಿಚ್ಚಿಡಿ ಅಂತಾರೆ, ನಾನು ಒಪ್ಪಿಲ್ಲ. ಗೋಡೆ ಒಡೆಯೋದಕ್ಕೆ ಅವರು ಒಪ್ಪುತ್ತಿಲ್ಲ. ಅದೇ ಪೈಪಿನಲ್ಲಿ ಶೀಲ್ಡ್ ಇರುವ ಕೇಬಲ್ ಎಳೆದರೆ ಸಾಕಾ?

ಶಿರಸಿ ಪ್ಯಾನೆಲ್:
ಒಪ್ಪದೇ ಇದ್ದದ್ದು ಸರಿ ಸರ್. ಸೈರನ್ ಬಿಚ್ಚಲೇಬೇಡಿ. ತೀರಾ ಕಷ್ಟ ಆದರೆ ಎರಡನೇ ಝೋನ್ ಮಾತ್ರ ಪ್ಯಾನೆಲ್‌ನಲ್ಲಿ ಐಸೊಲೇಟ್ (ತಾತ್ಕಾಲಿಕ ಬಂದ್) ಮಾಡಿ, ರಿಪೇರಿ ಆಗುವವರೆಗೆ ಆ ಭಾಗಕ್ಕೆ ರಾತ್ರಿ ಕಾವಲು ಇಡಿಸಿ.

ನಿಮ್ಮಲ್ಲಿ ಎರಡು ತೊಂದರೆ ಸೇರಿಕೊಂಡಿವೆ ಅನ್ಸುತ್ತೆ. ಪಂಪ್ ಜೊತೆ ಬರೋದು ಪಕ್ಕದ ಮೇನ್ಸ್ (230 ವೋಲ್ಟ್) ವೈರಿನಿಂದ ಹತ್ತುವ ನಾಯ್ಸ್, ಅಂದರೆ ಬೇಡದ ಸಿಗ್ನಲ್. ಮಳೆ ಜೊತೆ ಬರೋದು ಲೀಕೇಜ್, ಅಂದರೆ ತೇವದಿಂದ ಕರೆಂಟ್ ಸೋರೋದು. ಚಿರೆಕಲ್ಲು ನೀರು ಕುಡಿಯುತ್ತೆ, ಪೈಪಿನ ಬೆಂಡ್‌ಗಳಲ್ಲಿ ನೀರು ನಿಲ್ಲುತ್ತೆ.

ಮೊದಲು ಪ್ಯಾನೆಲ್‌ನಲ್ಲಿ ಆ ಝೋನಿನ ಎರಡೂ ವೈರ್ ಬಿಚ್ಚಿ. ಅದೇ ಟರ್ಮಿನಲ್‌ಗೆ ಅದೇ ಓಮ್‌ನ ಎಂಡ್ ಆಫ್ ಲೈನ್ ರೆಸಿಸ್ಟರ್ (ಲೈನ್ ತುಂಡಾಗಿಲ್ಲ ಅಂತ ಪ್ಯಾನೆಲ್‌ಗೆ ತೋರಿಸುವುದು) ಹಾಕಿ ಪಂಪ್ ಓಡಿಸಿ. ಪ್ಯಾನೆಲ್ ಸುಮ್ಮನಿದ್ದರೆ ತೊಂದರೆ ಲೈನಿನಲ್ಲಿದೆ. ಆಗಲೂ ಫಾಲ್ಟ್ ಬಂದರೆ ಪ್ಯಾನೆಲ್‌ನ ಸಪ್ಲೈ, ಅರ್ಥಿಂಗ್ ನೋಡಿ. ನೋಡ್ತಾ ನೋಡ್ತಾ ಮೂಲ ರೆಸಿಸ್ಟರ್ ಎಲ್ಲಿದೆ ಅಂತಲೂ ಹುಡುಕಿ. ಅದು ಲೈನಿನ ಕೊನೆಯ ಬೇಸ್‌ನಲ್ಲಿ (ಡಿಟೆಕ್ಟರ್ ಕೂರುವ ತಳದಲ್ಲಿ) ಇರಬೇಕು. ಪ್ಯಾನೆಲ್ ಒಳಗೇ ಹಾಕಿಟ್ಟಿದ್ದರೆ ಮುಂದೆ ವೈರ್ ತುಂಡಾದರೂ ಪ್ಯಾನೆಲ್‌ಗೆ ಗೊತ್ತೇ ಆಗಲ್ಲ.

ಲೈನಿನಲ್ಲೇ ಅಂತಾದರೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿಯಿರಿ. ಅದಕ್ಕೆ ಮೊದಲು ಮೇನ್ಸ್ ಆಫ್ ಮಾಡಿ, ಡಿಟೆಕ್ಟರ್ ಎಲ್ಲ ಬೇಸ್‌ನಿಂದ ತೆಗೆದು, ರೆಸಿಸ್ಟರ್ ಬಿಚ್ಚಿ. ಮೆಗ್ಗರ್‌ನ 500 ವೋಲ್ಟ್ ಒಳಗೆ ಹೋದರೆ ಡಿಟೆಕ್ಟರ್ ಕೆಟ್ಟುಹೋಗುತ್ತೆ. ಬೇಸ್‌ನಿಂದ ಬೇಸ್‌ಗೆ ಒಂದೊಂದೇ ತುಂಡು ಅಳೆಯಿರಿ: ವೈರಿಗೂ ವೈರಿಗೂ, ವೈರಿಗೂ ಅರ್ತ್‌ಗೂ, ಮುಖ್ಯವಾಗಿ ಅಲಾರಂ ವೈರಿಗೂ ಮೇನ್ಸ್ ವೈರಿಗೂ. 1 ಮೆಗಾಓಮ್‌ಗಿಂತ ಕೆಳಗೆ ಬಂದ ತುಂಡನ್ನು ನಂಬಬೇಡಿ.

ಶೀಲ್ಡ್ ಕೇಬಲ್ ನಾಯ್ಸ್ ಕಡಿಮೆ ಮಾಡುತ್ತೆ, ನಿಜ. ಶೀಲ್ಡಿಗೆ ಅರ್ತ್ ಅನ್ನು ಪ್ಯಾನೆಲ್ ಕಡೆ ಮಾತ್ರ ಕೊಡಬೇಕು. ಆದರೆ ಅದೇ ಪೈಪಿಗೆ ಮತ್ತೆ ಹಾಕಬೇಡಿ. ಹಳೇ ಕಟ್ಟಡದಲ್ಲಿ ಬೆಂಕಿ ಹುಟ್ಟುವ ಜಾಗಗಳಲ್ಲಿ ಮೇನ್ಸ್ ವೈರಿಂಗೇ ಒಂದು. ಆ ಪೈಪು ಬಿಸಿಯಾಗಿ ಕರಗಿದರೆ, ಕೂಗಬೇಕಾದ ವೈರು ಅದರ ಜೊತೆಗೇ ಸುಡುತ್ತೆ. ಫೈರ್ ಅಲಾರಂ ಮಾನದಂಡಗಳಾದ ನಮ್ಮ ಐಎಸ್ 2189 ಆಗಲಿ, ಬ್ರಿಟನ್ನಿನ ಬಿಎಸ್ 5839 ಆಗಲಿ, ಅಲಾರಂ ಕೇಬಲ್ ಬೇರೆ ಇಡಿ ಅನ್ನೋದು ಬರೀ ನಾಯ್ಸ್‌ಗಾಗಿ ಅಲ್ಲ.

ಅಂಕೋಲಾ ಹವ್ಯಾಸಿ:
ಒಂದು ಡೌಟು. ಎರಡೂ 1100 ವೋಲ್ಟ್ ರೇಟಿಂಗಿನ ಎಫ್‌ಆರ್‌ಎಲ್‌ಎಸ್ ವೈರ್ ಆದರೆ ಒಟ್ಟಿಗೆ ಹಾಕಬಹುದಲ್ವಾ?

ಶಿರಸಿ ಪ್ಯಾನೆಲ್:
1100 ವೋಲ್ಟ್ ರೇಟಿಂಗ್ ಇದ್ದರೆ ಮೇನ್ಸ್‌ನ 230 ವೋಲ್ಟು ಅಲಾರಂ ವೈರಿಗೆ ದಾಟುವ ಭಯ ಕಡಿಮೆ, ಅಷ್ಟೇ. ಎಫ್‌ಆರ್‌ಎಲ್‌ಎಸ್ ಅಂದರೆ ಬೆಂಕಿ ಬೇಗ ಹಬ್ಬಿಸಲ್ಲ, ಹೊಗೆ ಕಡಿಮೆ. ಬೆಂಕಿಯಲ್ಲೂ ಕೆಲಸ ಮಾಡುತ್ತೆ ಅಂತ ಅಲ್ಲ. ಅದಕ್ಕೆ ಫೈರ್ ಸರ್ವೈವಲ್ ಕೇಬಲ್ ಬೇರೆಯೇ ಇದೆ. ಅಂಥ ಕೇಬಲ್‌ಗಿರುವ ಬ್ರಿಟನ್ನಿನ ಮಾನದಂಡ ಬಿಎಸ್ 6387ರ ಸಿ ಪರೀಕ್ಷೆಯಲ್ಲಿ 950 ಡಿಗ್ರಿಯಲ್ಲಿ 3 ಗಂಟೆ ತಡೆಯಬೇಕು. ಕನಿಷ್ಠ ಸೈರನ್ ಲೈನಿಗಾದರೂ ಅದನ್ನೇ ಹಾಕಿಸಿ.

ಕೋಡಿಬಾಗ ವೈರಿಂಗ್:
ರೆಸಿಸ್ಟರ್ ಹಾಕಿದೆ, ಪಂಪ್ ಓಡಿಸಿದರೂ ಪ್ಯಾನೆಲ್ ಸುಮ್ಮನಿದೆ. ಮೆಟ್ಟಿಲ ಹತ್ತಿರದ ಜಂಕ್ಷನ್ ಬಾಕ್ಸ್ ತೆಗೆದರೆ ಅಲಾರಂನ ಕೆಂಪು ವೈರು, ಫೇಸ್‌ನ ಕೆಂಪು ವೈರು ಒಂದೇ ಬಾಕ್ಸಿನಲ್ಲಿ, ಒಂದರ ಮೇಲೊಂದು. ತಿರುಪು ತುಕ್ಕು ಹಿಡಿದು ಹಸಿರಾಗಿದ್ದ ಕನೆಕ್ಟರ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ತುಂಡು ಮೇನ್ಸ್ ವೈರಿಗೆ 0.2 ಮೆಗಾಓಮ್ ತೋರಿಸಿತು.

ಶಿರಸಿ ಪ್ಯಾನೆಲ್:
ಸಿಕ್ಕಿತು ನೋಡಿ. ಬಣ್ಣ ಒಂದೇ ಇರೋದು ನೀರಿಗಿಂತ ಅಪಾಯ. ಮುಂದೆ ಯಾರೋ ಟಾರ್ಚ್ ಬೆಳಕಲ್ಲಿ 230 ತಂದು ಅಲಾರಂ ಲೈನಿಗೆ ಸೇರಿಸಿಬಿಟ್ಟರೆ ಕಾಲ್ ಪಾಯಿಂಟ್ (ಬೆಂಕಿ ಕಂಡಾಗ ಒತ್ತುವ ಗೋಡೆಯ ಡಬ್ಬಿ) ಮುಟ್ಟುವವರ ಜೀವಕ್ಕೇ ತೊಂದರೆ. ಆ ಬಾಕ್ಸಿನಿಂದ ಅಲಾರಂ ವೈರ್ ಪೂರ್ತಿ ಹೊರಗೆ ತೆಗೆಯಿರಿ.

ಗೋಡೆ ಒಡೆಯೋದು ಬೇಡ. ಅಲಾರಂಗೆ ಹೊರಪದರ ಕೆಂಪಿರುವ ಪ್ರತ್ಯೇಕ ಕೇಬಲ್ ತೆಗೆದುಕೊಂಡು ಮೇಲೆ ಪಕಾಸುಗಳ ಪಕ್ಕದಲ್ಲಿ, ಗೋಡೆಯ ಮೇಲಂಚಿನಲ್ಲಿ ಮೇಲ್ಮೈಯಲ್ಲೇ ಎಳೆಯಿರಿ. ಮೇನ್ಸ್‌ನಿಂದ ಒಂದಡಿ ದೂರ ಸಿಕ್ಕಿದರೆ ಒಳ್ಳೆಯದು. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಪ್ಲಾಸ್ಟಿಕ್ ಕ್ಲಿಪ್ ಬೇಡ, ಬೆಂಕಿಗೆ ಕರಗಿ ಕೇಬಲ್ ತಲೆ ಮೇಲೆ ನೇತಾಡುತ್ತೆ. ಕಬ್ಬಿಣದ್ದು ಉಪ್ಪುಗಾಳಿಗೆ ತಿಂದುಹೋಗುತ್ತೆ, ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ. ಪ್ಯಾನೆಲ್‌ಗೆ ಬೇರೆ ಎಂಸಿಬಿ ಕೊಟ್ಟು, ‘ಫೈರ್ ಅಲಾರಂ, ಆಫ್ ಮಾಡಬೇಡಿ’ ಅಂತ ಕೆಂಪಲ್ಲಿ ಬರೆಸಿ.