ರಾತ್ರಿ ಹೊತ್ತಿನ ತೀವ್ರ ನೋವು: ಬೆಳಗಿನವರೆಗೆ ಕಾಯಬಹುದೇ, ಆಗಲೇ ಹೊರಡಬೇಕೇ?

ಸಂಪಿಗೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ತೋಟದ ಅಂಚಿನಲ್ಲಿ ಮುಕ್ಕಾಲು ಕಿಲೋಮೀಟರ್ ನಡೆದು ಒಂದು ಕಾಲುಸಂಕ ದಾಟಬೇಕು. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ 22 ಕಿಲೋಮೀಟರ್. ಮಳೆಗಾಲದಲ್ಲಿ ಕರೆಂಟು ಹೋದ ಮೇಲೆ ಮೊಬೈಲ್ ಸಿಗ್ನಲ್ ಕೂಡ ಹೋಗುತ್ತದೆ.

ಕಳೆದ ಆಷಾಢದಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಮಾವನವರಿಗೆ ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ಅವರಿಗೆ 68 ವರ್ಷ, ಸಕ್ಕರೆ ಕಾಯಿಲೆ ಬಂದು 12 ವರ್ಷವಾಗಿದೆ. ಮಧ್ಯಾಹ್ನ ಹಲಸಿನ ಕಡುಬು ತಿಂದದ್ದರಿಂದ ಇದು ವಾಯುವೇ ಇರಬೇಕೆಂದು ಅವರೂ ಹೇಳಿದರು, ನಾವೂ ನಂಬಿದೆವು. ಜೀರಿಗೆ ಕಷಾಯ ಕೊಟ್ಟೆ, ಗ್ಯಾಸಿನ ಮಾತ್ರೆ ಕೊಟ್ಟೆ. ಒಂದು ಸಲ ವಾಂತಿಯಾದ ಮೇಲೆ ಸ್ವಲ್ಪ ಹಗುರವಾಯಿತೆಂದರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಜಗಲಿಯ ತುದಿಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಹೊರಗೆ ಧೋ ಎಂದು ಮಳೆ, ಕಂಬಳಿ ಹೊದ್ದರೂ ನಡುಗುವಂಥ ಚಳಿ. ಅವರ ಬನಿಯನ್ ಮಾತ್ರ ಹಿಂಡುವ ಹಾಗೆ ಬೆವರಿನಿಂದ ತೊಯ್ದಿತ್ತು. ಬೆನ್ನು ಮುಟ್ಟಿದರೆ ತಣ್ಣಗೆ ಹತ್ತುತ್ತಿತ್ತು. ಆಗ ಪಕ್ಕದ ಮನೆಯವರ ಜೀಪು ಕರೆಸಿದೆವು. ಆಸ್ಪತ್ರೆ ತಲುಪಿದಾಗ ಆರು ಗಂಟೆ. ಇಸಿಜಿಯಲ್ಲಿ ಹೃದಯಾಘಾತ ಎಂದು ತಿಳಿಯಿತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಟ್ಟು ಶಿವಮೊಗ್ಗಕ್ಕೆ ಕಳುಹಿಸಿದರು. ಮಾವನವರು ಉಳಿದರು, ಆದರೆ ಹೃದಯದ ಬಲ ಕುಂದಿದೆ. ರಾತ್ರಿಯೇ ಬಂದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಈಗ ಮನೆಯಲ್ಲಿ ಯಾರು ನೋವೆಂದರೂ ನಾನು ಬೆಚ್ಚುತ್ತೇನೆ. ಅತ್ತೆಯವರಿಗೆ ಮಂಡಿ ನೋವಿದೆ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ದರೆ ಹತ್ತಿ ಬರುವಾಗ ಎದೆಯುರಿ ಎಂದು ಐದು ನಿಮಿಷ ಕೂರುತ್ತಾರೆ, ಆಮೇಲೆ ಸರಿಹೋಗುತ್ತದೆ, ಅದಕ್ಕೂ ಹೆದರುತ್ತೇನೆ. ಪ್ರತಿ ನೋವಿಗೂ ರಾತ್ರಿ ಜೀಪು ಮಾಡಿಸಿಕೊಂಡು ಹೋಗುವ ಶಕ್ತಿ ನಮಗಿಲ್ಲ. ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದನ್ನು ನನ್ನಂಥವರು ಮನೆಯಲ್ಲಿ ಹೇಗೆ ತೀರ್ಮಾನಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಶುಶ್ರೂಷಕಿ, ಸಾಗರ

ತಂಗಿ, ಮೊದಲು ಒಂದು ಮಾತು. ಹೊಟ್ಟೆಯ ಮೇಲ್ಭಾಗದ ನೋವು, ವಾಂತಿ, ಹಿಂದಿನ ಊಟ, ಇವು ಮೂರೂ ಒಟ್ಟಿಗೆ ಸೇರಿದಾಗ ಅಜೀರ್ಣವೆಂದು ಎಣಿಸಿದ್ದು ನಿಮ್ಮ ಅಜಾಗರೂಕತೆಯಲ್ಲ. ಹೃದಯದ ಕೆಳಭಾಗಕ್ಕೆ ರಕ್ತ ಹರಿಯುವುದು ನಿಂತಾಗ ನೋವು ಹೀಗೆಯೇ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವುದುಂಟು. ಬಹಳ ಕಾಲದ ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂದವಾಗಿರುವುದರಿಂದ ನೋವು ತೀರ ಕಡಿಮೆ ಇರಬಹುದು, ಕೆಲವೊಮ್ಮೆ ಇಲ್ಲದೆಯೂ ಇರಬಹುದು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ, ಅದರಲ್ಲಿ ಬಹುಪಾಲು ತುರ್ತು ವಿಭಾಗದಲ್ಲಿ. ರೋಗಿ ಎಷ್ಟು ಜೋರಾಗಿ ಕೂಗುತ್ತಾನೆ ಎಂಬುದರಿಂದ ನಾವು ತೀರ್ಮಾನಿಸುತ್ತಿರಲಿಲ್ಲ. ಜೀಪಿನಿಂದ ಹೇಗೆ ಇಳಿಯುತ್ತಾನೆ ಎಂಬುದನ್ನು ನೋಡುತ್ತಿದ್ದೆವು. ಮೂತ್ರಪಿಂಡದ ಕಲ್ಲಿನ ನೋವಿನವನು ಒಂದು ಕ್ಷಣ ಕೂರಲಾರ, ನಿಲ್ಲಲಾರ, ಹೊರಳಾಡುತ್ತಾನೆ. ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತಿರುತ್ತದೆ. ಅದು ಸಹಿಸಲಾಗದ ನೋವು ಹೌದು, ಆದರೂ ಜ್ವರ, ಚಳಿ ಅಥವಾ ಮೂತ್ರ ಕಟ್ಟಿಕೊಂಡದ್ದು ಇಲ್ಲದಿದ್ದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಹೊಟ್ಟೆಯೊಳಗೆ ಹುಣ್ಣು ತೂತಾದವನು ಇದಕ್ಕೆ ತದ್ವಿರುದ್ಧ. ಅವನು ಅಲುಗಾಡದೆ, ಉಸಿರನ್ನೂ ಆಳವಾಗಿ ಎಳೆದುಕೊಳ್ಳದೆ ಮಲಗಿರುತ್ತಾನೆ, ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿದಿರುತ್ತದೆ. ಅವನು ಕೂಗುವುದಿಲ್ಲ. ಮನೆಯವರು ಈಗ ಸುಮ್ಮನಾಗಿದ್ದಾನೆ ಎಂದು ಸಮಾಧಾನಪಡುವ ಹೊತ್ತಿಗೆ ಅವನ ಸ್ಥಿತಿ ಕೈಮೀರುತ್ತಿರುತ್ತದೆ.

ಅಪೆಂಡಿಸೈಟಿಸ್ ನೋವು ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಊಟ ಬೇಡವೆನಿಸುತ್ತದೆ. ದಾರಿಯಲ್ಲಿ ಜೀಪು ಪ್ರತಿ ಹೊಂಡಕ್ಕೆ ಇಳಿದಾಗಲೂ ನೋವಾಯಿತೇ ಎಂದು ನಮ್ಮ ವೈದ್ಯರು ತಪ್ಪದೆ ಕೇಳುತ್ತಿದ್ದರು, ಏಕೆಂದರೆ ಒಳಗೆ ಉರಿಯೂತವಿದ್ದರೆ ಆ ಅಲುಗಾಟ ತಡೆಯದು. ಇಂಥ ನೋವಿಗೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸಬೇಡಿ. ತೀವ್ರವಾಗಿದ್ದ ನೋವು ಒಮ್ಮೆಲೇ ನಿಂತುಹೋಗಿ, ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರಿಸಿ ಜ್ವರ ಬಂದರೆ, ವಾಸಿಯಾಯಿತೆಂದು ತಿಳಿಯಬೇಡಿ, ಒಳಗೆ ಒಡೆದಿರಬಹುದು.

ಅಡಿಕೆ ಬೆಳೆಗಾರ, ಹೊಸನಗರ

ನಾನು ವೈದ್ಯನಲ್ಲ. ಆದರೂ ಬರೆಯಲೇಬೇಕೆನಿಸಿತು, ಏಕೆಂದರೆ ನೋವನ್ನು ಮುಚ್ಚಿಟ್ಟದ್ದರಿಂದ ಆದ ನಷ್ಟ ನಮ್ಮ ಮನೆಯಲ್ಲಿದೆ. ನನ್ನ ಮಗನಿಗೆ ಆಗ 15 ವರ್ಷ. ಒಂದು ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ, ಎರಡು ಸಲ ವಾಂತಿ ಮಾಡಿದ. ಎಲ್ಲಿ ನೋವು ಎಂದು ಅವನ ತಾಯಿ ಕೇಳಿದರೆ ಕೆಳಹೊಟ್ಟೆ ತೋರಿಸಿದ. ನಿಜವಾದ ನೋವು ವೃಷಣದಲ್ಲಿತ್ತು, ನಾಚಿಕೆಯಿಂದ ಹೇಳಲಿಲ್ಲ. ಅವತ್ತು ಅಡಿಕೆ ಸುಲಿತಕ್ಕೆ ಜನ ಬಂದಿದ್ದರು, ಮನೆ ತುಂಬ ಗದ್ದಲ. ಸಂಜೆಯ ಹೊತ್ತಿಗೆ ಅವನು ಕಾಲು ಅಗಲಿಸಿ ನಡೆಯುವುದನ್ನು ಕಂಡು, ಒಳಗೆ ಕರೆದುಕೊಂಡು ಹೋಗಿ ಕೇಳಿದೆ. ಆಗ ಅತ್ತುಬಿಟ್ಟ.

ವೃಷಣ ತನ್ನ ಬಳ್ಳಿಯ ಮೇಲೆ ತಿರುಚಿಕೊಂಡು ರಕ್ತಸಂಚಾರ ನಿಂತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಸಾಮಾನ್ಯವಾಗಿ ಉಳಿಸಬಹುದಂತೆ. ನಾವು ತಲುಪಿದಾಗ ಹದಿನಾಲ್ಕು ಗಂಟೆ ಕಳೆದಿತ್ತು. ಒಂದನ್ನು ತೆಗೆಯಬೇಕಾಯಿತು. ಮಗ ಈಗ ಆರೋಗ್ಯವಾಗಿದ್ದಾನೆ, ಇದನ್ನು ಬರೆಯಲು ಅವನ ಒಪ್ಪಿಗೆಯನ್ನೂ ಕೇಳಿದ್ದೇನೆ. ಗಂಡುಮಕ್ಕಳು ಇರುವ ಮನೆಯವರು, ಇಂಥ ಕಡೆ ಒಮ್ಮೆಲೇ ನೋವು ಬಂದರೆ ನಾಚದೆ ಆ ಕ್ಷಣವೇ ಹೇಳಬೇಕೆಂದು ಅವರಿಗೆ ಮೊದಲೇ ತಿಳಿಸಿಡಿ. ನಾನು ತಿಳಿಸಿರಲಿಲ್ಲ.

ಒಂದು ಸಂದೇಹವನ್ನೂ ಕೇಳುತ್ತೇನೆ. ನೋವಿನ ಮಾತ್ರೆ ಕೊಟ್ಟರೆ ವೈದ್ಯರಿಗೆ ರೋಗ ಗೊತ್ತಾಗುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಅದು ನಿಜವೇ?

ವೈದ್ಯ, ಶಿವಮೊಗ್ಗ

ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. ಆಸ್ಪತ್ರೆಯಲ್ಲಿ ನಾವೇ ಪರೀಕ್ಷೆಗೆ ಮುನ್ನ ನೋವು ಕಡಿಮೆ ಮಾಡುತ್ತೇವೆ. ಅದರಿಂದ ರೋಗಪತ್ತೆಗೆ ಅಡ್ಡಿಯಿಲ್ಲ. ಅಪಾಯವಿರುವುದು ಮಾತ್ರೆ ಕೊಟ್ಟು, ನೋವು ಇಳಿಯಿತೆಂದು ಮನೆಯಲ್ಲೇ ಉಳಿಯುವುದರಲ್ಲಿ. ಹೊರಡುವುದೇ ಆದರೆ ಯಾವ ಮಾತ್ರೆ, ಎಷ್ಟು ಗಂಟೆಗೆ ಕೊಟ್ಟಿರೆಂದು ಬರೆದುಕೊಂಡು ಬನ್ನಿ. ಶಸ್ತ್ರಚಿಕಿತ್ಸೆ ಬೇಕಾಗಬಹುದೆಂಬ ಅನುಮಾನವಿದ್ದರೆ ದಾರಿಯಲ್ಲಿ ಊಟ, ಕಾಫಿ ಕೊಡಬೇಡಿ.

ಸಂಪಿಗೆಯವರೇ, ನೀವು ಮಾತಿನ ನಡುವೆ ಹೇಳಿಹೋದ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ದರೆ ಹತ್ತುವಾಗ ಬಂದು, ಕೂತರೆ ಐದು ನಿಮಿಷದಲ್ಲಿ ಹೋಗುವ ಎದೆಯುರಿ ಹೊಟ್ಟೆಯದಲ್ಲದೆ ಹೃದಯದ್ದಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೊಟ್ಟೆಯ ಉರಿ ಊಟಕ್ಕೆ, ಬಗ್ಗುವುದಕ್ಕೆ, ಮಲಗುವುದಕ್ಕೆ ಸಂಬಂಧಪಟ್ಟಿರುತ್ತದೆ. ಏರು ಹತ್ತುವುದಕ್ಕೆ ಸಂಬಂಧಪಟ್ಟಿರುವುದು ವಿರಳ. ಅತ್ತೆಯವರನ್ನು ಈ ವಾರವೇ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ, ಅಲ್ಲಿಯವರೆಗೆ ಹೊರೆ ಹೊರಲು ಬಿಡಬೇಡಿ. ವಿಶ್ರಾಂತಿಯಲ್ಲಿರುವಾಗಲೇ ಆ ಉರಿ ಬಂದರೆ, ಅಥವಾ ಕೂತ ಮೇಲೂ ಹದಿನೈದು ನಿಮಿಷದಲ್ಲಿ ಇಳಿಯದಿದ್ದರೆ, ಎಷ್ಟೇ ಹೊತ್ತಾಗಿದ್ದರೂ ಹೊರಡಬೇಕು. ಬೆವರು, ಉಸಿರು ಕಟ್ಟುವುದು, ಎಡತೋಳು, ದವಡೆ ಅಥವಾ ಬೆನ್ನಿಗೆ ನೋವು ಹರಿಯುವುದು ಜೊತೆಗಿದ್ದರೆ ಹದಿನೈದು ನಿಮಿಷವನ್ನೂ ಕಾಯಬೇಡಿ.

ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ನೋವು ಹತ್ತರಲ್ಲಿ ಎಷ್ಟಿದೆ ಎನ್ನುವುದಕ್ಕಿಂತ, ನೋವಿನ ಜೊತೆಗೆ ಶರೀರದಲ್ಲಿ ಇನ್ನೇನು ಬದಲಾಗಿದೆ ಎಂದು ನೋಡಿ: ತಣ್ಣನೆಯ ಬೆವರು, ಬಿಳುಚಿಕೊಂಡ ಮುಖ, ತಲೆಸುತ್ತು, ಮಂಕು, ಮೇಲಿಂದ ಮೇಲೆ ವಾಂತಿ. ಇವುಗಳಲ್ಲಿ ಒಂದಿದ್ದರೂ ಮಧ್ಯಮ ನೋವು ಕೂಡ ತುರ್ತೇ. ಮಾವನವರ ಒದ್ದೆ ಬನಿಯನ್ ಅಂಥ ಗುರುತಾಗಿತ್ತು. ಒಂದು ನಿಮಿಷದೊಳಗೆ ಪೂರ್ತಿ ಏರಿದ, ಹಿಂದೆಂದೂ ಕಾಣದ ತಲೆನೋವು ಮಿದುಳಿನ ರಕ್ತಸ್ರಾವದ್ದಾಗಿರಬಹುದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕೆಳಹೊಟ್ಟೆ ನೋವು ಬಂದು ತಲೆಸುತ್ತಿದರೆ, ಗರ್ಭ ನಳಿಕೆಯಲ್ಲಿ ಕೂತು ಒಡೆದಿರಬಹುದು. ರಕ್ತ ಒಳಗೇ ಸುರಿಯುವುದರಿಂದ ಹೊರಗೆ ಹೆಚ್ಚೇನೂ ಕಾಣುವುದಿಲ್ಲ, ಕೆಲವರಿಗೆ ಭುಜದ ತುದಿ ನೋಯುತ್ತದೆ. ಸೊಂಟನೋವಿನ ಜೊತೆ ಮೂತ್ರ ಹೋಗದಿರುವುದು, ಕೂರುವ ಜಾಗ ಮರಗಟ್ಟುವುದು ಅಥವಾ ಕಾಲು ಸೋಲುವುದು ಕಂಡರೂ ಕಾಯಬಾರದು. ವರ್ಷಗಟ್ಟಲೆ ಇರುವ ಮಂಡಿ ನೋವು, ಕೆಂಪಾಗಿ ಊದಿಕೊಂಡು ಜ್ವರ ತಂದಿಲ್ಲವಾದರೆ, ಬೆಳಗಿನವರೆಗೆ ಖಂಡಿತ ಕಾಯುತ್ತದೆ.

ನಮ್ಮ ಸೀಮೆಗೇ ಸೇರಿದ ಎರಡು ಸಂಗತಿಗಳಿವೆ. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಅಥವಾ ನಸುಕಿನಲ್ಲಿ ವಿಪರೀತ ಹೊಟ್ಟೆನೋವೆಂದು ಎದ್ದು, ಸ್ವಲ್ಪ ಹೊತ್ತಿಗೆ ಕಣ್ಣಿನ ರೆಪ್ಪೆ ಜೋತುಬಿದ್ದು ಮಾತು ತೊದಲಿದರೆ, ಅದು ಕಟ್ಟುಹಾವಿನ ಕಡಿತವಾಗಿರಬಹುದು. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯದೆ ಇರಬಹುದು, ಗುರುತೂ ಸಿಗದೆ ಹೋಗಬಹುದು. ಆದರೆ ಮುಂದೆ ಉಸಿರಾಟವೇ ನಿಲ್ಲುತ್ತದೆ. ಇನ್ನೊಂದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ಸೊಪ್ಪು, ದರಗು (ಒಣ ಎಲೆ) ತರಲು ಕಾಡಿಗೆ ಹೋಗಿ ಬಂದವರಿಗೆ ಏಕಾಏಕಿ ಜ್ವರ, ಸಿಡಿಯುವ ತಲೆನೋವು, ಮೈಕೈ ಮುರಿದಂಥ ನೋವು ಬಂದರೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ, ರಕ್ತಸ್ರಾವ ಹೆಚ್ಚಬಹುದು. ಅಂದೋ ಮರುದಿನವೋ ಆಸ್ಪತ್ರೆಗೆ ತೋರಿಸಿ. ಮೂಗು, ವಸಡಿನಲ್ಲಿ ರಕ್ತ ಕಂಡರೆ ಅಥವಾ ರೋಗಿ ಮಂಕಾದರೆ ಕೂಡಲೇ ಹೊರಡಿ.

ಪೇಟೆಯಲ್ಲಿರುವವರಿಗೆ ಇನ್ನೊಂದು ಗಂಟೆ ನೋಡೋಣ ಎನ್ನಲು ಅವಕಾಶವಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್. ನಿಮ್ಮ ಮನೆಯಿಂದ ತೀರ್ಥಹಳ್ಳಿಯವರೆಗಿನ ದಾರಿ, ಮರ ಬಿದ್ದ ರಸ್ತೆ, ಎಲ್ಲವನ್ನೂ ನೋವು ಶುರುವಾದ ಗಂಟೆಗೆ ಕೂಡಿಸಿ ಲೆಕ್ಕ ಹಾಕಬೇಕು. ಸಂಜೆ ಐದಕ್ಕೆ ಅನುಮಾನ ಬಂದರೆ ಬೆಳಕಿರುವಾಗಲೇ ಹೊರಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಘಾಟಿ ಇಳಿದು ಮಣಿಪಾಲಕ್ಕೋ ಎಂದು ಚರ್ಚಿಸುತ್ತ ಕೂರದೆ, ಎದೆನೋವಿಗೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸುವುದು ಸರಿ. ನಿಮ್ಮಲ್ಲಿ ಆದ ಹಾಗೆ ಅಲ್ಲಿಯೇ ಇಂಜೆಕ್ಷನ್ ಸಿಕ್ಕರೆ ದೂರದ ಪ್ರಯಾಣಕ್ಕೆ ಮುಂಚೆಯೇ ಚಿಕಿತ್ಸೆ ಶುರುವಾದಂತಾಗುತ್ತದೆ.

ನಿವೃತ್ತ ಶುಶ್ರೂಷಕಿ, ಸಾಗರ

ವೈದ್ಯರ ಮಾತಿಗೆ ಸೇರಿಸುತ್ತೇನೆ. ಎದೆನೋವಿನವರನ್ನು ರಸ್ತೆಯವರೆಗೆ ನಡೆಸಬೇಡಿ. ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಸಂಕ ದಾಟಿಸಿ. ಮನೆಯಲ್ಲಿ ಬೇರೆಯವರ ಸಾರ್ಬಿಟ್ರೇಟ್ (ಎದೆನೋವಿಗೆ ಕೊಡುವ) ಮಾತ್ರೆ ಇದೆಯೆಂದು ನಾಲಿಗೆಯಡಿ ಇಡಬೇಡಿ, ಮಾವನವರಿಗೆ ಆದಂಥ ಆಘಾತದಲ್ಲಿ ರಕ್ತದೊತ್ತಡ ಕುಸಿದುಬಿಡಬಹುದು. ಮರದಿಂದ ಬಿದ್ದ ಕೊನೆಗಾರನ (ಅಡಿಕೆ ಕೊನೆ ಇಳಿಸುವವನ) ವಿಷಯ ಬೇರೆ: ಕತ್ತು, ಬೆನ್ನು ನೋವೆಂದರೆ ಎಬ್ಬಿಸಿ ಕೂರಿಸದೆ, ಹಲಗೆಯ ಮೇಲೆ ಅಲುಗಿಸದಂತೆ ಸಾಗಿಸಬೇಕು. 108 ಆಂಬುಲೆನ್ಸ್ ಉಚಿತ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ ತುರ್ತು ಸಂಖ್ಯೆ 112ಕ್ಕೆ ಪ್ರಯತ್ನಿಸಿ, ಬೇರೆ ಕಂಪನಿಯ ಟವರ್ ಸಿಕ್ಕಿದರೂ ಅದು ಹೋಗಬಹುದು. ಆಂಬುಲೆನ್ಸ್ ಬರುವುದು ತಡವೆಂದು ತಿಳಿದರೆ ಜೀಪಿನಲ್ಲಿ ಹೊರಟು ದಾರಿಯಲ್ಲಿ ಸಂಧಿಸಲು ಅವರಿಗೇ ಹೇಳಿ.

ಸಂಪಿಗೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಋಣಿ. ಇಂದು ಬೆಳಿಗ್ಗೆ ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಮೊದಲು ಏನೂ ಇಲ್ಲವೆಂದರು. ಆಮೇಲೆ, ದರೆ ಹತ್ತುವಾಗಿನ ಉರಿ ದೀಪಾವಳಿಯಿಂದಲೇ ಇದೆ, ಮಾವನವರ ಓಡಾಟದ ನಡುವೆ ತಮ್ಮದೊಂದು ಬೇಡವೆಂದು ಹೇಳಿರಲಿಲ್ಲ ಎಂದರು. ಸೋಮವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ. ಸೊಪ್ಪಿನ ಹೊರೆ ಇಂದಿನಿಂದ ನನ್ನ ತಲೆಯ ಮೇಲೆ. ಜೀಪು ಇರುವ ಮೂರು ಮನೆಗಳ ನಂಬರು, ಇಬ್ಬರ ಮಾತ್ರೆಗಳ ಹೆಸರು ಬರೆದ ಹಾಳೆಯನ್ನು ಟಾರ್ಚ್ ತೂಗುಹಾಕುವ ಮೊಳೆಗೇ ಸಿಕ್ಕಿಸಿದ್ದೇನೆ.