ಗುರಿ ಇಲ್ಲದ ಹುಡುಗನಿಗೆ ಸೇನೆ ಮದ್ದಾ?

ನಿದ್ದೆಗೆಟ್ಟ ಅಕ್ಕ:
ನನ್ನ ತಮ್ಮನಿಗೆ 22 ವರ್ಷ. ಎರಡು ಕೋರ್ಸ್ ಅರ್ಧಕ್ಕೆ ಬಿಟ್ಟ. ಮೂರು ಕಡೆ ಕೆಲಸಕ್ಕೆ ಸೇರಿ ಮೂರನ್ನೂ ಬಿಟ್ಟ. ಕೆಟ್ಟವನಲ್ಲ. ಕುಡಿತ ಇಲ್ಲ, ಹೊಡೆದಾಟ ಇಲ್ಲ. ರಾತ್ರಿಯೆಲ್ಲ ಗೇಮ್ ಆಡಿ ಮಧ್ಯಾಹ್ನ ಏಳುತ್ತಾನೆ, ಅಷ್ಟೇ. ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: ಸೇನೆಗೆ ಸೇರಿಸಿ, ದಾರಿಗೆ ಬರ್ತಾನೆ. ನಿಜವಾಗಿಯೂ ಅಲ್ಲಿ ಹೊಸ ಬದುಕು ಸಿಗುತ್ತದಾ? ಇಲ್ಲ ನಾವು ಸುಮ್ನೆ ನಮ್ಮ ತಲೆನೋವನ್ನು ಬೇರೆಯವರ ತಲೆಗೆ ಕಟ್ಟುತ್ತಿದ್ದೇವಾ?

ಹಳೇ ಬೂಟು:
ಕಣ್ಣು ಮುಚ್ಚಿ ಕಳಿಸಿ ತಾಯಿ. ನಾನು 17 ವರ್ಷ ಸಮವಸ್ತ್ರದಲ್ಲಿದ್ದವನು. ನನ್ನ ಜೊತೆ ತರಬೇತಿಗೆ ಬಂದವರಲ್ಲಿ ಅರ್ಧ ಜನ ನಿಮ್ಮ ತಮ್ಮನಂಥವರೇ. ಬೆಳಗ್ಗೆ ಎದ್ದು ಏನು ಮಾಡಲಿ ಅಂತ ಯೋಚಿಸುವ ಕೆಲಸವನ್ನೇ ಅಲ್ಲಿ ಕಿತ್ತುಕೊಳ್ಳುತ್ತಾರೆ. ದಿಕ್ಕು ಕಾಣದವನಿಗೆ ಅದಕ್ಕಿಂತ ದೊಡ್ಡ ಬಿಡುಗಡೆ ಇಲ್ಲ. ಫ್ರಾನ್ಸಿನ ಫಾರಿನ್ ಲೀಜನ್ ನೋಡಿ, ಬೇರೆ ದೇಶದವರನ್ನೂ ಸೇರಿಸಿಕೊಳ್ಳುವ ಸೇನಾಪಡೆ ಅದು. 1831ರಿಂದ ಮಾಡುತ್ತಿರುವುದು ಇದನ್ನೇ. ಹೊಸ ಹೆಸರು, ಹೊಸ ಬದುಕು. ಹಿಂದೆ ಏನು ಮಾಡಿದ್ದೆ ಅಂತ ಯಾರೂ ಕೇಳುವುದಿಲ್ಲ.

ಅಂಕಿಸಂಖ್ಯೆ:
ಯೋಚಿಸುವ ಕೆಲಸವನ್ನೇ ಕಿತ್ತುಕೊಳ್ಳುತ್ತಾರೆ ಅಂತ ನೀವೇ ಒಪ್ಪಿಕೊಂಡಿರಿ, ಸಂತೋಷ. ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿಯಾಗಿದೆ ಸಾರ್. 1966ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ‘ಪ್ರಾಜೆಕ್ಟ್ 100,000’ ಶುರು ಮಾಡಿದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದವರು, ಬಡವರು, ಎಲ್ಲೂ ನೆಲೆ ಸಿಗದವರು ಎಲ್ಲರನ್ನೂ ಸೇರಿಸಿಕೊಂಡು ಬದುಕು ಕಟ್ಟಿಕೊಡುತ್ತೇವೆ ಅಂದರು. 1971ರ ಹೊತ್ತಿಗೆ 3 ಲಕ್ಷಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿದ್ದರು. ಬಹಳಷ್ಟು ಜನ ನೇರ ವಿಯೆಟ್ನಾಂ ಯುದ್ಧಕ್ಕೆ ಹೋದರು. ವರ್ಷಗಳ ನಂತರ ಹುಡುಕಿ ನೋಡಿದರೆ, ಬದುಕಿ ಬಂದವರ ಸ್ಥಿತಿ ಸೇನೆಗೆ ಹೋಗದ ಅಂಥದೇ ಹುಡುಗರಿಗಿಂತ ಏನೂ ಮೇಲಿರಲಿಲ್ಲ.

ಕಡ್ಡಿಪೆಟ್ಟಿಗೆ:
‘ಹಿಂದೆ ಏನು ಮಾಡಿದ್ದೆ ಅಂತ ಯಾರೂ ಕೇಳುವುದಿಲ್ಲ’ ಅಂತೆ! ಬೂಟು ಸಾರ್, ಯಾವ ಕಾಲದ ಕಥೆ ಇದು? ಲೀಜನ್‌ನಲ್ಲಿ ಈಗ ಜಾತಕ ಜಾಲಾಡುತ್ತಾರೆ. ಇಂಟರ್‌ಪೋಲ್ ಹುಡುಕುತ್ತಿರುವವನು ಬಂದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ.

ಹಳೇ ಬೂಟು:
ಕೊಲೆಗಡುಕರನ್ನು ಸೇರಿಸುತ್ತಾರೆ ಅಂತ ನಾನೆಲ್ಲಿ ಹೇಳಿದೆ? ಸಣ್ಣಪುಟ್ಟ ತಪ್ಪುಗಳ ಬಗ್ಗೆ ಹೇಳಿದ್ದು. ಹೊಸ ಹೆಸರು ಕೊಡುತ್ತಾರೆ ಅನ್ನುವುದು ಸತ್ಯ. ಎಲ್ಲರಿಗೂ ಕಡ್ಡಾಯ ಅದು.

ಕಡ್ಡಿಪೆಟ್ಟಿಗೆ:
ಕಡ್ಡಾಯ ಆಗಿತ್ತು. 2010ರಲ್ಲೇ ಅದು ಹೋಯಿತು. ಈಗ ಬೇಕಾದರೆ ನಿಜ ಹೆಸರಿನಲ್ಲೇ ಸೇರಬಹುದು. ‘ಯಾರೂ ಕೇಳುವುದಿಲ್ಲ’, ‘ಎಲ್ಲರಿಗೂ ಕಡ್ಡಾಯ’. ಎರಡು ಮಾತು, ಎರಡೂ ತಪ್ಪು.

ಮುಂಜಾವು:
ಅಂಕಿಸಂಖ್ಯೆಯವರೇ, ಕೆಟ್ಟ ಉದಾಹರಣೆ ಮಾತ್ರ ಹೆಕ್ಕಿ ತಂದಿದ್ದೀರಿ. ಬಾಸ್ಟನ್‌ನ ಅಧ್ಯಯನ ಯಾಕೆ ಬಿಟ್ಟಿರಿ? ಅಪರಾಧಶಾಸ್ತ್ರಜ್ಞರಾದ ಸ್ಯಾಂಪ್ಸನ್ ಮತ್ತು ಲಾಬ್ ಅವರದ್ದು, 1996. ಚಿಕ್ಕಂದಿನಲ್ಲಿ ಪೊಲೀಸರ ಕೈಗೆ ಸಿಕ್ಕ ಹುಡುಗರು, ಸಿಗದ ಹುಡುಗರು ದೊಡ್ಡವರಾದ ಮೇಲೆ ಏನಾದರು ಅಂತ ನೋಡಿದ್ದಾರೆ. ಸೇನೆಗೆ ಹೋಗಿ ಜಿಐ ಬಿಲ್‌ನಲ್ಲಿ ತರಬೇತಿ ಪಡೆದವರು ಮೇಲೆ ಬಂದರು. ಅದರಲ್ಲೂ ಜಾಸ್ತಿ ಲಾಭ ಆಗಿದ್ದು ಹಳೇ ಕೇಸ್ ಇದ್ದವರಿಗೇ, ಚಿಕ್ಕ ವಯಸ್ಸಿಗೆ ಸೇರಿದವರಿಗೇ.

ಅಂಕಿಸಂಖ್ಯೆ:
‘ಜಿಐ ಬಿಲ್‌ನಲ್ಲಿ’. ಆ ಒಂದು ಪದ ಇನ್ನೊಮ್ಮೆ ಓದಿ ಮೇಡಂ. ಅಮೆರಿಕದ 1944ರ ಕಾನೂನು ಅದು. ಯುದ್ಧದಿಂದ ಬಂದವರನ್ನು ಸರ್ಕಾರ ಓದಿಸಿತು, ಮನೆಸಾಲಕ್ಕೆ ಖಾತರಿ ನಿಂತಿತು. ಬದುಕು ಬದಲಿಸಿದ್ದು ಕಾಲೇಜು. ಅದನ್ನು ಬಂದೂಕಿನ ಲೆಕ್ಕಕ್ಕೆ ಬರೆಯಬೇಡಿ.

ಮುಂಜಾವು:
ಬಂದೂಕು ಹಿಡಿಯದೆ ಆ ಕಾಲೇಜು ಯಾರು ಕೊಡುತ್ತಿದ್ದರು?

ಹಳೇ ಬೂಟು:
ಕಡ್ಡಿಪೆಟ್ಟಿಗೆ, ಬೇಕಾದರೆ ಇಡಬಹುದು, ಬೇಡವಾದರೆ ಬಿಡಬಹುದು ಅಂದರೆ ಅರ್ಥ ಏನು? ಹೊಸ ಹೆಸರು ಇನ್ನೂ ಸಿಗುತ್ತದೆ ಅಂತ ತಾನೇ? ನಾನು ಹೇಳಿದ್ದೂ ಅದೇ.

ಕಡ್ಡಿಪೆಟ್ಟಿಗೆ:
ನೀವು ಹೇಳಿದ್ದು ‘ಕಡ್ಡಾಯ’. ಮೇಲೆ ಬರೆದಿದ್ದು ಹಾಗೇ ಇದೆ, ಅಳಿಸಿಲ್ಲ. ಇನ್ನೊಂದು ವಿಷಯ. ಹೆಸರು ಬದಲಾಯಿಸಿಕೊಂಡವನು ಒಂದು ವರ್ಷ ಕಳೆದ ಮೇಲೆ ಅರ್ಜಿ ಹಾಕಿ ತನ್ನ ಹಳೇ ಹೆಸರಿಗೇ ವಾಪಸ್ ಬರಬಹುದು. ವಾಪಸ್ ಬರುವುದಾದರೆ ಅದೆಂಥ ಹೊಸ ಬದುಕು?

ಹಳೇ ಬೂಟು:
ಐದು ವರ್ಷದ ಕರಾರಿಗೆ ಸಹಿ ಹಾಕಿ, ಮೊದಲ ತಿಂಗಳು ಹೊಲದ ಮಧ್ಯದ ಮನೆಯಲ್ಲಿ ಭಾಷೆ ಬರದವರ ಜೊತೆ ಕಳೆದು ನೋಡಿ. ಹಳೇ ಹೆಸರು ಬಂದರೂ ಹಳೇ ಮನುಷ್ಯ ಬರುವುದಿಲ್ಲ. ಅಲ್ಲಿ ಒಂದು ದಿನ ನಿಂತಿದ್ದೀರಾ ನೀವು?

ಕಡ್ಡಿಪೆಟ್ಟಿಗೆ:
ನೀವು ನಿಂತಿದ್ದೀರಾ ಸಾರ್, ಲೀಜನ್‌ನಲ್ಲಿ?

ಹಳೇ ಬೂಟು:
ಸೇನೆಯಲ್ಲಿ ನಿಂತಿದ್ದೇನೆ. ಎಲ್ಲ ಕಡೆ ಬೂಟು ಒಂದೇ ಥರ ಕಚ್ಚುತ್ತದೆ.

ಸುಮ್ನೆ ಬಂದೆ:
ಲೀಜನ್‌ಗೆ ಸೇರಿದರೆ ಫ್ರಾನ್ಸಿನ ಪೌರತ್ವ ಸಿಗುತ್ತದೆ ಅಲ್ವಾ? ಅದೇ ತಾನೇ ಹೊಸ ಬದುಕು?

ಕಡ್ಡಿಪೆಟ್ಟಿಗೆ:
ಸೇರಿದರೆ ಸಿಗುವುದಿಲ್ಲ. ಮೂರು ವರ್ಷ ಸೇವೆ ಮಾಡಿದ ಮೇಲೆ ಅರ್ಜಿ ಹಾಕಬಹುದು. ಕೊಡುವುದು ಬಿಡುವುದು ಅವರಿಷ್ಟ. ಕಾರ್ಯಾಚರಣೆಯಲ್ಲಿ ಗಾಯವಾದವನಿಗೆ ಮಾತ್ರ ಬೇರೆ ಹಾದಿ ಇದೆ. ಅದನ್ನು ‘ಚೆಲ್ಲಿದ ರಕ್ತದಿಂದ ಫ್ರೆಂಚನಾದವನು’ ಅನ್ನುತ್ತಾರೆ. ಅಕ್ಕನ ತಮ್ಮನಿಗೆ ಯಾವ ಹಾದಿ ಹಿಡಿಸುತ್ತದೆಂದು ಬೂಟು ಸಾರ್ ಹೇಳಲಿ.

ಹಳೇ ಬೂಟು:
ಆ ಹೆಣ್ಣುಮಗಳ ತಮ್ಮನನ್ನು ಗೇಲಿಗೆ ಎಳೆಯಬೇಡಿ. ನಿಮ್ಮಂಥವರು ಕೂತು ತಪ್ಪು ಹುಡುಕುತ್ತೀರಲ್ಲ, ಅದಕ್ಕೂ ಯಾರೋ ಗಡಿಯಲ್ಲಿ ಎದ್ದಿರಬೇಕು.

ಕಡ್ಡಿಪೆಟ್ಟಿಗೆ:
ಬಂತು ನೋಡಿ ಗಡಿ. ನಾನೂ ಇಷ್ಟು ಹೊತ್ತು ಇದಕ್ಕೇ ಕಾಯುತ್ತಿದ್ದೆ.

ಮುಂಜಾವು:
ಇಬ್ಬರೂ ಲೀಜನ್ ಬಿಟ್ಟು ಹೊರಗೆ ಬರುತ್ತೀರಾ? ಕೇಳಿದವರು ಕಾಯುತ್ತಿದ್ದಾರೆ.

ಅಂಕಿಸಂಖ್ಯೆ:
ನಾನು ಹೊರಗೇ ಇದ್ದೇನೆ. ಅರ್ಜೆಂಟೀನಾದಲ್ಲಿ ಕಡ್ಡಾಯ ಸೇವೆ ಇದ್ದಾಗ ಗುರುತಿನ ಸಂಖ್ಯೆಯ ಕೊನೆಯ ಮೂರು ಅಂಕಿ ನೋಡಿ ಲಾಟರಿ ಎತ್ತುತ್ತಿದ್ದರು. ಅಂದರೆ ಹೋದವರು, ಉಳಿದವರು ಇಬ್ಬರೂ ಒಂದೇ ಥರದ ಹುಡುಗರು. ಹೋಲಿಸಲು ಇದಕ್ಕಿಂತ ಒಳ್ಳೇ ಅವಕಾಶ ಸಿಗುವುದಿಲ್ಲ. 2011ರಲ್ಲಿ ಬಂದ ಅಧ್ಯಯನದಲ್ಲಿ ಏನು ಕಂಡಿತು ಗೊತ್ತಾ? ಸೇನೆಗೆ ಹೋದವರ ಮೇಲೆ ಮುಂದೆ ಕ್ರಿಮಿನಲ್ ದಾಖಲೆ ಆಗುವ ಸಂಭವ ಜಾಸ್ತಿ. ಶಿಸ್ತು ಎಲ್ಲಿ ಹೋಯಿತು?

ಹಳೇ ಬೂಟು:
ಎಳೆದುಕೊಂಡು ಹೋದವನಿಗೂ ತಾನಾಗಿ ಹೋದವನಿಗೂ ವ್ಯತ್ಯಾಸ ಇಲ್ಲವಾ? ಲಾಟರಿ ಹೊಡೆದು ಹೋದವನ ಲೆಕ್ಕ ನಮಗೆ ಯಾಕೆ?

ಅಂಕಿಸಂಖ್ಯೆ:
ಸರಿಯಾಗಿ ಹೇಳಿದಿರಿ. ಅಕ್ಕನ ತಮ್ಮ ತಾನಾಗಿ ಹೋಗುತ್ತಿದ್ದಾನಾ? ಪೋಸ್ಟ್ ಇನ್ನೊಮ್ಮೆ ಓದಿ. ‘ಸೇರಿಸಿ’ ಅಂತ ಮನೆಯವರು ಹೇಳುತ್ತಿದ್ದಾರೆ. ಅವನು ಏನಂದ ಅನ್ನುವುದು ಒಂದು ಸಾಲೂ ಇಲ್ಲ. ಇನ್ನು ಸಂಬಳದ ಮಾತಿಗೆ ಬಂದರೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕ ಸೇನೆಗೆ ಹುಡುಗರನ್ನು ಆರಿಸಲು ಎತ್ತಿದ ಲಾಟರಿ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಜೋಶುವಾ ಆಂಗ್ರಿಸ್ಟ್ 1990ರಲ್ಲಿ ಲೆಕ್ಕ ಹಾಕಿದ್ದಾರೆ. 1980ರ ದಶಕದ ಆರಂಭದಲ್ಲಿ ಬಿಳಿಯ ಮಾಜಿ ಸೈನಿಕರ ಗಳಿಕೆ ಸೇನೆಗೆ ಹೋಗದ ಅಂಥವರಿಗಿಂತ ಸುಮಾರು 15% ಕಡಿಮೆ ಇತ್ತು. ನೊಬೆಲ್ ಬಂದ ಮನುಷ್ಯ ಅವರು.

ಮುಂಜಾವು:
ನೊಬೆಲ್ ಬಂದ ಅದೇ ಮನುಷ್ಯ 2011ರಲ್ಲಿ ಇನ್ನೊಬ್ಬರ ಜೊತೆ ಸೇರಿ ಮತ್ತೆ ನೋಡಿದರು. 2000ದ ಹೊತ್ತಿಗೆ ಆ ನಷ್ಟ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಅರ್ಧ ಓದಿ ನಿಲ್ಲಿಸಿದ್ದೀರಿ.

ಅಂಕಿಸಂಖ್ಯೆ:
ಅಳಿಸಿಹೋಗಲು ಮೂವತ್ತು ವರ್ಷ ಬೇಕಾಯಿತಲ್ಲ. 22ರ ಹುಡುಗನಿಗೆ 52ಕ್ಕೆ ಸಮ ಆಗುತ್ತದೆ ಅಂತ ಹೇಳಿ ಕಳಿಸಿ.

ದೊಡ್ಡಮ್ಮ:
ಎಲ್ಲರೂ ಕಳಿಸುವ ಮಾತೇ ಆಡುತ್ತಿದ್ದೀರಿ. ಅವರು ತೆಗೆದುಕೊಳ್ಳಬೇಕಲ್ಲ? ಬೆಳಗ್ಗೆ ಎದ್ದು ಓಡಬೇಕು, ಪರೀಕ್ಷೆ ಬರೆಯಬೇಕು, ವೈದ್ಯರು ನೋಡುತ್ತಾರೆ. ಮಧ್ಯಾಹ್ನ ಏಳುವವನಿಗೆ ಇದೆಲ್ಲ ಆಗುತ್ತದಾ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದ ಹಾಗಾಯಿತು. ಸೇರಿದರೂ ಮುಗಿಯಲಿಲ್ಲ. ಅಮೆರಿಕದಲ್ಲೇ ಮೊದಲ ಕರಾರು ಮುಗಿಸದೆ ಮನೆಗೆ ಬರುವವರು ಸುಮಾರು ಮೂರನೇ ಒಂದು ಭಾಗ ಅಂತ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ ಬರೆದಿದ್ದಾರೆ. ಮೂರು ಕೆಲಸ ಬಿಟ್ಟವನು ನಾಲ್ಕನೆಯದನ್ನೂ ಬಿಟ್ಟು ಬಂದರೆ ಆಗ ಮನೆಯಲ್ಲಿ ಏನನ್ನುತ್ತಾರೆ? ಅದನ್ನು ಯೋಚಿಸಿದ್ದೀಯಾ ಮಗಳೇ?

ಹಳೇ ಬೂಟು:
ಹುಚ್ಚು ಅಂದಿರಾ? ಸೇನೆಗೆ ಹೋಗುವುದು ಹುಚ್ಚಾ?

ದೊಡ್ಡಮ್ಮ:
ಗಾದೆ ಕಣಪ್ಪಾ ಅದು. ಗಾದೆಗೂ ಸೆಲ್ಯೂಟ್ ಹೊಡೆಯಬೇಕಾ?

ಹಳೇ ಬೂಟು:
ಸರಿ ಅಮ್ಮಾ. ಆದರೆ ಒಂದು ಮಾತು. ಮೂರನೇ ಒಂದು ಭಾಗ ಬಿಟ್ಟು ಬಂದರೆ ಮೂರರಲ್ಲಿ ಎರಡು ಭಾಗ ನಿಂತಿತು ಅಂತಲೂ ಆಯಿತು.

ಸುಮ್ನೆ ಬಂದೆ:
ಲೀಜನ್‌ಗೆ ವಯಸ್ಸಿನ ಮಿತಿ ಎಷ್ಟು? ಕೇಳುತ್ತಿರುವುದು ನನಗಲ್ಲ, ಸ್ನೇಹಿತನಿಗೆ.

ಕಡ್ಡಿಪೆಟ್ಟಿಗೆ:
ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ. ಹಲ್ಲು ಸರಿ ಇರಬೇಕು. ಸ್ನೇಹಿತನಿಗೆ ಹೇಳಿ.

ನಿದ್ದೆಗೆಟ್ಟ ಅಕ್ಕ:
ಅಂಕಿಸಂಖ್ಯೆಯವರು ಅವನು ಏನಂದ ಅಂತ ಕೇಳಿದ್ದರಲ್ಲ. ನಿಜ, ನಾವ್ಯಾರೂ ಅವನನ್ನು ಕೇಳಿರಲೇ ಇಲ್ಲ. ಇವತ್ತು ಅವನಿಗೆ ಈ ಚರ್ಚೆ ಪೂರ್ತಿ ಓದಲು ಕೊಟ್ಟೆ. ಓದಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಜ ಹೆಸರಿನಲ್ಲೇ ಸೇರಬಹುದು ಅಂದರೆ ಏನು ಮಜಾ’ ಅಂದ.

ಹಳೇ ಬೂಟು:
ನೋಡಿದಿರಾ! ಹುಡುಗನಿಗೆ ಬೇಕಾಗಿದ್ದು ಹೊಸ ಹೆಸರೇ.

ಕಡ್ಡಿಪೆಟ್ಟಿಗೆ:
ಬೇಕಾದರೆ ಇಟ್ಟುಕೊಳ್ಳಲಿ. ಕಡ್ಡಾಯ ಅಲ್ಲ.