‘ಕೀಲ್’ಗೆ ಕನ್ನಡದಲ್ಲಿ ಏನಂತ ಬರೆಯಲಿ? (ಶುಕ್ರವಾರ ಚೀಟಿ ಬರೆಸಬೇಕು)

ಹಾಸನದಿಂದ, ಸೋಮವಾರ

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಅರ್ಜೆಂಟು.

ಮನೆಯಲ್ಲಿ ಮರದ ಹಡಗೊಂದನ್ನು ಕಟ್ಟಿದ್ದೇನೆ. ದಡದಲ್ಲಿ ನಿಂತು ರೇಡಿಯೋದಿಂದ ಓಡಿಸುವಂಥದ್ದು. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆದು ತರುವ ಟಗ್ ಇರುತ್ತದಲ್ಲ, ಅದರ ಮಾದರಿ. ಅಳತೆ 50ಕ್ಕೆ 1. ಅಂದರೆ 30 ಮೀಟರಿನ ಟಗ್ ನನ್ನ ಮೇಜಿನ ಮೇಲೆ 60 ಸೆಂಟಿಮೀಟರ್. ಮಗಳ ಶಾಲೆಯ ವಸ್ತುಪ್ರದರ್ಶನದಲ್ಲಿ ಇಡಿ ಅಂದಿದ್ದಾರೆ. ಅದರ ಪಕ್ಕದಲ್ಲಿ ನಾನು ಮೊದಲು ಕಟ್ಟಿ ಕೆಡಿಸಿದ ಹಂದರವನ್ನೂ ಇಡುತ್ತೇನೆ. ಎಡಗಡೆ ಹಲಗೆಗಳನ್ನೆಲ್ಲ ಒಂದೇ ಸಲ ಅಂಟಿಸಿ, ಆಮೇಲೆ ಬಲಗಡೆ ನೋಡೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಹಂದರ ಬಾಳೆಕಾಯಿ ಥರ ತಿರುಚಿಕೊಂಡಿತ್ತು. ಆ ಕಡೆ ಒಂದು, ಈ ಕಡೆ ಒಂದು ಅಂಟಿಸುತ್ತಾ ಹೋಗಬೇಕಂತೆ. ಇರಲಿ, ಮಕ್ಕಳಿಗೆ ಒಳಗಿನ ಕಟ್ಟು ಕಾಣುತ್ತದೆ.

ಅದರ ಒಂದೊಂದು ಭಾಗಕ್ಕೂ ಚೀಟಿ ಬೇಕು. ಚುಕ್ಕಾಣಿ, ಲಂಗರು, ಕೂವೆಮರ (ಹಡಗಿನ ನಡುವೆ ನಿಲ್ಲಿಸುವ ಕಂಬ) ಗೊತ್ತು. ಸಿಕ್ಕಿಹಾಕಿಕೊಂಡಿದ್ದು ‘ಕೀಲ್’ ಹತ್ತಿರ. ಹಡಗಿನ ಅಡಿಯಲ್ಲಿ ಮೂತಿಯಿಂದ ಹಿಂದಿನ ತುದಿವರೆಗೆ ಉದ್ದಕ್ಕೆ ಹೋಗುವ ಮರ. ಪಕ್ಕೆಗಳೆಲ್ಲ ಅದರ ಮೇಲೇ ಕೂರುತ್ತವೆ. ಸುಮ್ನೆ ‘ಕೀಲ್’ ಅಂತಲೇ ಬರೆದಿದ್ದೆ. ಮಗಳು ಓದಿ, “ಅಪ್ಪಾ, ಇದು ಎಲ್ಲಿ ಮಡಚುತ್ತೆ?” ಅಂದಳು. ಮಂಡಿ ಕೀಲು, ಬಾಗಿಲ ಕೀಲು ಕೇಳಿದ ಮಗು. ಅವಳ ತಪ್ಪೇನಿಲ್ಲ.

ಮೈಸೂರಿನಿಂದ

ನೌತಲ. ಹಿಂದಿಯಲ್ಲಿ ಬಳಕೆಯಲ್ಲಿದೆ, ನಮಗೂ ಆಗುತ್ತದೆ. ಹೊಸದು ಹುಡುಕುವ ಅಗತ್ಯ ಕಾಣುವುದಿಲ್ಲ.

ಬೆಂಗಳೂರಿನಿಂದ

ಮಗುವಿಗೆ ಹೊಳೆದದ್ದು ದೊಡ್ಡವರಿಗೆ ಹೊಳೆಯಲಿಲ್ಲವಲ್ಲ! ಕೀಲ್ ನಮ್ಮದೇ ಪದ. ಸಂಸ್ಕೃತದ ‘ಕೀಲ’ವೇ ಯುರೋಪಿಗೆ ಹೋಗಿ ಕೀಲ್ ಆಯಿತು. ಎಲ್ಲ ಭಾಗಗಳನ್ನೂ ಸೇರಿಸಿ ಹಿಡಿಯುವುದರಿಂದ ಅರ್ಥವೂ ಕೂಡಿ ಬರುತ್ತದೆ. ‘ಕೀಲು’ ಅಂತಲೇ ಧೈರ್ಯವಾಗಿ ಬರೆಯಿರಿ.

ಧಾರವಾಡದಿಂದ

ಸುಳ್ಳು. ಇಂಗ್ಲಿಷಿನ ಕೀಲ್ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಸಂಸ್ಕೃತದ ಕೀಲ ಅಂದರೆ ಗೂಟ, ಮೊಳೆ. ಸದ್ದು ಒಂದೇ ಇದ್ದರೆ ನಂಟು ಬೆಳೆಯುವುದಿಲ್ಲ. ಇದೇ ಲೆಕ್ಕ ಹಿಡಿದರೆ ಹಡಗಿನ ಕೂವೆಯಿಂದ ಕೂವೆಹಿಟ್ಟಿನ ಗಂಜಿ ಕಾಯಿಸಬಹುದು.

ಶಿವಮೊಗ್ಗದಿಂದ

ನೌತಲ ಬೇಡ. ಹಡಗು ನಮ್ಮದು. ಪಡಗು ಹಡಗು ಆಯಿತು, ಪಾಲು ಹಾಲಾದ ಹಾಗೆ. ಹಾಯಿಯೂ ಹಾಗೇ, ತಮಿಳಿನಲ್ಲಿ ಇನ್ನೂ ‘ಪಾಯ್’. ಇಷ್ಟು ಒಳ್ಳೆಯ ಬೇರು ಇರುವಾಗ ‘ನೌ’ ಯಾಕೆ? ಹಡಗುಬೆನ್ನು ಅನ್ನಿ. ಇನ್ನೊಂದು ಮಾತು. ಚುಕ್ಕಾಣಿ ಅರಬ್ಬಿಯ ಸುಕ್ಕಾನ್, ಲಂಗರು ಪಾರ್ಸಿ. ಅವನ್ನೂ ತೆಗೆದು ತಿರುಗುಹುಟ್ಟು, ನೆಲಗೊಕ್ಕೆ ಮಾಡಿಕೊಳ್ಳಬಹುದು. ಮಕ್ಕಳು ಕಲಿಯುವ ಜಾಗ, ಅಲ್ಲಾದರೂ ತಿಳಿಯಾಗಿರಲಿ.

ಕುಂದಾಪುರದಿಂದ

ಕಡಲು ಕಾಣದವರು ಕೂತು ಕಡಲಿನ ಪದ ಹುಟ್ಟಿಸುತ್ತಿದ್ದಾರೆ. ನೋಡಲಿಕ್ಕೆ ಚಂದ.

ಚುಕ್ಕಾಣಿ ತೆಗೆಯಬೇಕಂತೆ. ಹಾಗಾದರೆ ಬಂದರನ್ನೂ ತೆಗೆಯಿರಿ, ಅದೂ ಪಾರ್ಸಿಯೇ. ದಡದಲ್ಲಿ ಇಳಿಯುವುದು ಎಲ್ಲಿ? ಅರಬ್ಬರ ಹಡಗು ಬಂತು, ಸರಕು ಬಂತು, ಅದರ ಜೊತೆ ಪದವೂ ಬಂತು. ಕಡಲತೀರದ ಮಾತು ಇರುವುದೇ ಹೀಗೆ. ಚುಕ್ಕಾಣಿ ಹಿಡಿದು ಎಷ್ಟು ತಲೆಮಾರು ಆಯಿತು ಅಂತ ಲೆಕ್ಕ ಇಟ್ಟವರಿಲ್ಲ. ಈಗ ‘ರಾಜ್ಯದ ತಿರುಗುಹುಟ್ಟು ಹಿಡಿದ ಮುಖ್ಯಮಂತ್ರಿ’ ಅಂತ ಪೇಪರಿನವರು ಬರೆಯಬೇಕಾ?

ಕೇಳಿದವರಿಗೆ ಉತ್ತರ: ಮಲಯಾಳದಲ್ಲಿ ಇದಕ್ಕೆ ಏರಾವು ಅನ್ನುತ್ತಾರೆ, ತಮಿಳಿನಲ್ಲಿ ಏರಾ. ಬೇಪೂರಿನಲ್ಲಿ ‘ಉರು’ ಅನ್ನುವ ಮರದ ಹಡಗು ಕಟ್ಟುವವರ ನಾಡು ಅದು. ಎರವಲು ತರುವುದಾದರೆ ಅಲ್ಲಿಂದ ತನ್ನಿ, ದಿಲ್ಲಿಯಿಂದ ಯಾಕೆ?

ಶಿವಮೊಗ್ಗದಿಂದ

ಗೇಲಿ ಮಾಡುವುದು ಸುಲಭ, ಪದ ಕಟ್ಟುವುದು ಕಷ್ಟ. ನಾನು ಹೇಳಿದ್ದು ಹೊಸ ಪದದ ಮಾತು. ನೀವು ಹಳೆಯದರ ಹಿಂದೆ ಅಡಗಿಕೊಂಡಿರಿ.

ಹಾಸನದಿಂದ, ಮಂಗಳವಾರ

ಕುಂದಾಪುರದ ಸಾರ್, ಕಡಲು ಕಾಣದವರು ಅಂದುಬಿಟ್ಟಿರಿ. ದೋರಸಮುದ್ರ ನಮ್ಮ ಜಿಲ್ಲೆಯದು! ಕೆರೆಯನ್ನೇ ಸಮುದ್ರ ಅಂದ ಊರು, ಹೊಯ್ಸಳರ ರಾಜಧಾನಿಯಾಗಿದ್ದ ಜಾಗ. ಅಷ್ಟು ಧೈರ್ಯ ಇರುವ ಜಿಲ್ಲೆಯಲ್ಲಿ ಒಂದು ಕೀಲ್‌ಗೆ ಹೆಸರಿಡುವುದು ದೊಡ್ಡದಲ್ಲ.

‘ಏರಾವು’ ನನಗೆ ಇಷ್ಟವಾಯಿತು. ಆದರೆ ಇಲ್ಲಿನ ಮಕ್ಕಳು ‘ಏರು’ ಅಂದರೆ ನೇಗಿಲು ಅಂದುಕೊಳ್ಳುತ್ತಾರೆ. ಮಡಚುವುದರ ಬದಲು ಉಳುವುದಾಗುತ್ತದೆ. ನೌತಲ ಬರೆದು ತೋರಿಸಿದೆ. ಎಲ್ಲರೂ ಹಡಗಿನ ಇಡೀ ತಳಕ್ಕೆ ಬೆರಳು ತೋರಿಸಿದರು, ಆ ಮರಕ್ಕಲ್ಲ. ಹಡಗುಬೆನ್ನು ಅಂದಾಗ ಮಗಳು ಮೇಲಿನ ಅಟ್ಟವನ್ನು ಮುಟ್ಟಿದಳು. ಬೆನ್ನು ಮೇಲಿರುತ್ತದೆ ಅಲ್ವಾ, ಎಮ್ಮೆಗೆ ಇರುವ ಹಾಗೆ.

ಮೈಸೂರಿನಿಂದ

ಮಕ್ಕಳಿಗೆ ಗೊತ್ತಿಲ್ಲದ್ದನ್ನು ಕಲಿಸುವುದಕ್ಕೇ ಚೀಟಿ. ಗೊತ್ತಿದ್ದರೆ ಚೀಟಿ ಯಾಕೆ? ಇನ್ನು ‘ರೇಡಿಯೋ ಹಡಗು’ ಅಂತ ಬರೆಯಬೇಡಿ, ಕಿವಿಗೆ ಕಷ್ಟ. ದೂರನಿಯಂತ್ರಿತ ನೌಕೆ.

ಶಿವಮೊಗ್ಗದಿಂದ

ಬಾನುಲಿ ಹಡಗು.

ಹಾಸನದಿಂದ, ಮಂಗಳವಾರ ರಾತ್ರಿ

ಬಾನುಲಿ ಹಡಗು ಅಂದರೆ ಅದರಿಂದ ಚಿತ್ರಗೀತೆ ಬರುತ್ತೆ ಅಂದುಕೊಳ್ಳುತ್ತಾರೆ ಸಾರ್.

‘ರಿಮೋಟ್ ಹಡಗು’ ಅನ್ನದೆ ರೇಡಿಯೋ ಅಂದದ್ದಕ್ಕೂ ಕಾರಣ ಇದೆ. ಮನೆಯ ಟಿವಿ ರಿಮೋಟ್ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಬೆಳಕಿನಿಂದ ಕೆಲಸ ಮಾಡುತ್ತದೆ. ಇದು 2.4 ಗಿಗಾಹರ್ಟ್ಸ್ ರೇಡಿಯೋ. ಆ ಅಲೆ ನೀರಿನೊಳಗೆ ಹೋಗುವುದಿಲ್ಲ. ಅದಕ್ಕೇ ರಿಸೀವರಿನ ಆಂಟೆನಾವನ್ನು ನೀರಿನ ಮಟ್ಟಕ್ಕಿಂತ ಮೇಲೆ, ಕ್ಯಾಬಿನ್ ಒಳಗೆ ಇಟ್ಟಿದ್ದೇನೆ. ಚೀಟಿಯಲ್ಲಿ ರೇಡಿಯೋ ಅಂತಲೇ ಇದ್ದರೆ ಮಕ್ಕಳು ಕೇಳುತ್ತಾರೆ, ನಾನು ಇಷ್ಟು ಹೇಳಬಹುದು.

ಸಕಲೇಶಪುರದಿಂದ

ಪದ ಆಮೇಲೆ ನೋಡೋಣ. ಯಾವ ಮರ? ತೂಕ ಎಷ್ಟು? ತೇಲಿತಾ?

ಹಾಸನದಿಂದ, ಬುಧವಾರ

ಪಕ್ಕೆಗಳು 4 ಮಿಲಿಮೀಟರ್ ಪ್ಲೈವುಡ್. ಹಲಗೆಪಟ್ಟಿಗಳು ನಿಮ್ಮ ಕಡೆಯ ಕಾಫಿ ತೋಟದ ಸಿಲ್ವರ್ ಓಕ್, 5 ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪ. ಮೂತಿಯ ಹತ್ತಿರ ಬಾಗಬೇಕಾದವನ್ನು ಬಿಸಿನೀರಲ್ಲಿ ನೆನೆಹಾಕಿದೆ. ಒಳಗೆಲ್ಲ ಎಪಾಕ್ಸಿ ಬಳಿದಿದ್ದೇನೆ.

ತೂಕದ ಲೆಕ್ಕ ಮಜಾ ಇದೆ. ಉದ್ದ 50 ಪಾಲು ಕಮ್ಮಿ ಆದರೆ ತೂಕ 50 ಗುಣಿಸು 50 ಗುಣಿಸು 50, ಅಂದರೆ 1,25,000 ಪಾಲು ಕಮ್ಮಿ. ನಿಜವಾದ ಟಗ್ 500 ಟನ್ ಅಂತಿಟ್ಟುಕೊಳ್ಳಿ, ಮಾದರಿ 4 ಕೆಜಿ. ಮೋಟಾರು, ಬ್ಯಾಟರಿ, ಚುಕ್ಕಾಣಿ ತಿರುಗಿಸುವ ಸರ್ವೋ ಎಲ್ಲ ಸೇರಿದರೂ ನನ್ನದು ಎರಡೂವರೆ ದಾಟಲಿಲ್ಲ. ಊರಿನ ಕಟ್ಟೆಯಲ್ಲಿ ಬಿಟ್ಟೆ. ಬೆಂಡಿನ ಥರ ಮೇಲೇ ನಿಂತಿತು, ತಿರುಗಿಸಿದ ತಕ್ಷಣ ಮಗ್ಗುಲಾಯಿತು. ಪ್ಯಾಂಟು ಮಡಚಿ ಇಳಿದು ಎತ್ತಿಕೊಂಡು ಬಂದೆ. ಆಮೇಲೆ ಒಳಗೆ, ಆ ಹೆಸರಿಲ್ಲದ ಮರದ ಎರಡೂ ಬದಿಗೆ ಒಂದೂವರೆ ಕೆಜಿ ಸೀಸ ಜೋಡಿಸಿದೆ. ಈಗ ಸರಿಯಾಗಿ ನಿಲ್ಲುತ್ತದೆ. ಈ ಭಾನುವಾರ ಗೊರೂರಿನ ಹಿನ್ನೀರಿಗೆ ಒಯ್ಯುತ್ತೇನೆ, ಶೆಟ್ಟಿಹಳ್ಳಿ ಚರ್ಚಿನ ಹತ್ತಿರ. ಮಳೆಗಾಲದಲ್ಲಿ ಆ ಚರ್ಚೇ ಮುಳುಗುವ ಹಡಗಿನ ಹಾಗೆ ಕಾಣುತ್ತದೆ.

ಹಾಸನದಿಂದ, ಗುರುವಾರ

ಪದ ಸಿಕ್ಕಿತು. ಕೊಟ್ಟವರು ಈ ಗುಂಪಿನಲ್ಲಿಲ್ಲ.

ಕೆಟ್ಟ ಹಂದರವನ್ನು ಹಲಗೆಗೆ ಕೂರಿಸಲು ನಮ್ಮ ಬೀದಿಯ ಆಚಾರ್ರ ಹತ್ತಿರ ಒಯ್ದಿದ್ದೆ. ಅವರು ಕೀಸುಳಿ ಕೆಳಗಿಟ್ಟು ನೋಡಿದರು. ಹಂದರ ಬೋರಲು ಬಿದ್ದಿತ್ತು. ಮಾದರಿ ಹಡಗನ್ನು ಹೆಚ್ಚಾಗಿ ಬೋರಲು ಇಟ್ಟೇ ಹಲಗೆ ಅಂಟಿಸುವುದು. “ಇದೇನ್ ಸ್ವಾಮಿ, ಹೆಂಚಿನ ಮನೆ ಚಾವಣಿ ಅಲ್ವಾ?” ಅಂದರು. ಹೌದಲ್ಲ! ನೆತ್ತಿಯಲ್ಲಿ ಒಂದು ತೊಲೆ, ಅದರಿಂದ ಎರಡೂ ಕಡೆ ಇಳಿಯುವ ಮರ, ಅದರ ಮೇಲೆ ಅಡ್ಡಕ್ಕೆ ರೀಪು. ನಾನು ಅದನ್ನು ತಿರುಗಿಸಿ ಹಿಡಿದೆ. “ಹಂಗಾದ್ರೆ ಇದು ಅಡಿತೊಲೆ,” ಅಂದು ಮತ್ತೆ ಕೀಸುಳಿ ತಗೊಂಡರು.

ಅಡಿತೊಲೆ, ಪಕ್ಕೆ, ರೀಪು. ಮೂರೂ ಚೀಟಿ ಹೀಗೇ. ಚುಕ್ಕಾಣಿ ಇದ್ದಲ್ಲೇ ಇರುತ್ತದೆ.

ಮೈಸೂರಿನಿಂದ

ತೊಲೆ ಸಂಸ್ಕೃತದ ‘ತುಲಾ’ದಿಂದ ಬಂದದ್ದು, ನೆನಪಿರಲಿ. ಶಿವಮೊಗ್ಗದವರಿಗೆ ತೊಂದರೆ ಆದೀತು.

ಶಿವಮೊಗ್ಗದಿಂದ

ತದ್ಭವ ಆದಮೇಲೆ ಅರಿಸಮಾಸ ಎಲ್ಲಿಂದ ಬಂತು ಮೇಷ್ಟ್ರೇ? ಅಡಿತೊಲೆ ಸೊಗಸಾಗಿದೆ, ಒಪ್ಪಿದೆ. ರೀಪು ಮಾತ್ರ ಬೇಡ. ಅದು ಇಂಗ್ಲಿಷಿನ ರೀಪರ್.

ಧಾರವಾಡದಿಂದ

ತಿರುಗುಮುರುಗು. ಮರಾಠಿಯಲ್ಲಿ ರೀಪ್ ಇದೆ. ಇಲ್ಲಿದ್ದ ಇಂಗ್ಲಿಷರು ಅದನ್ನು ರೀಪರ್ ಮಾಡಿಕೊಂಡರು. 1886ರಲ್ಲಿ ಬಂದ ಆಂಗ್ಲೋ ಇಂಡಿಯನ್ ಪದಗಳ ನಿಘಂಟಿನಲ್ಲೇ ಮರಾಠಿಯತ್ತ ಬೆರಳು ತೋರಿಸಿದ್ದಾರೆ. ತೆಗೆದು ನೋಡಿ, ಆಮೇಲೆ ಬರೆಯಿರಿ.

ಶಿವಮೊಗ್ಗದಿಂದ

ಮರಾಠಿಯಾದರೂ ಹೊರಗಿನದೇ.

ಕುಂದಾಪುರದಿಂದ

ಮುಗೀತು ಇವರ ಕಥೆ.

ಹಾಸನದಿಂದ, ಶುಕ್ರವಾರ

ಚೀಟಿ ಬರೆಸಿಕೊಂಡು ಈಗ ಬಂದೆ. ಪೇಂಟರ್ ಹುಡುಗ ‘ಅಡಿತಲೆ’ ಅಂತ ಬರೆದಿದ್ದ. ಹಂದರ ಅವನ ಮುಂದೆಯೂ ಬೋರಲೇ ಇತ್ತು, ಅದಕ್ಕೇ ಸರಿಯಾಗೇ ಇದೆ ಅಂದುಕೊಂಡನಂತೆ. ಒಂದು ‘ಒ’ ಸೇರಿಸಿಕೊಟ್ಟ. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.